ಸಹಿಯಾಗದ ಹಾಳೆ

“ಇದು ಅವರು ಹೇಳಿದ್ದಲ್ಲ ಮೇಡಂ. ಅಳಿಸಿ.”

ತನ್ಮಯಿಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ತಲೆಯೆತ್ತಿದಳು. ನೀಲಿ ಯೂನಿಫಾರ್ಮಿನವನೊಬ್ಬ ಮೇಜಿನ ಆಚೆ ಕಡೆಯಿಂದ ಎದ್ದು ಬಂದು ಅವಳ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದ. ಮೂವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು.

“ಯಾವುದನ್ನ?”

“‘ಬೇಕಂತಲೇ’ ಅನ್ನೋದನ್ನ. ಪ್ರೆಸ್ ನಿಲ್ಲಿಸ್ದೆ ಅಂದ್ರು ಶಿವಲಿಂಗಮ್ಮ. ಬೇಕಂತಲೇ ನಿಲ್ಲಿಸ್ದೆ ಅನ್ಲಿಲ್ಲ. ಆ ಮಾತನ್ನ ನಿಮಗ್ಯಾರು ಹೇಳಿಕೊಟ್ರು?”

ಅವಳ ಕಿವಿ ಬಿಸಿಯಾಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಗಿನಿಂದ ಆರೋಪಪಟ್ಟಿಯನ್ನು ನಾಲ್ಕು ಸಲ ಓದಿದ್ದಳು. ಅದರಲ್ಲಿದ್ದ ಮಾತು ತಾನಾಗಿಯೇ ಬೆರಳಿಗೆ ಬಂದುಬಿಟ್ಟಿತ್ತು.

“ತಪ್ಪಾಯ್ತು,” ಎಂದು ಅಳಿಸಿದಳು.

ಇನ್ನೇನು ಕೂಗಾಡುತ್ತಾನೆ ಎಂದುಕೊಂಡಳು. ಯೂನಿಯನ್‌ನವರೆಂದರೆ ಕೂಗಾಡುವವರು ಎಂದೇ ಎಚ್.ಆರ್. ವಿಭಾಗದಲ್ಲಿ ಅವಳಿಗೆ ಹೇಳಿದ್ದರು. ಹಾಗೇನೂ ಆಗಲಿಲ್ಲ. ಅವನು ತನ್ನ ಕುರ್ಚಿಗೆ ಹೋಗಿ ಕುಳಿತ.

“ಮುಂದಕ್ಕೆ ಹೋಗೋಣ ಸಾರ್. ಮೇಡಂ ಸರಿ ಮಾಡಿದ್ರು.”

ಪೀಣ್ಯ ಎರಡನೇ ಹಂತದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆ ಅದು. ಸ್ಟೋರ್ಸ್ ಮೇಲಿನ ಚಿಕ್ಕ ಕೋಣೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ಕಾಯಂ ಕೆಲಸಗಾರರನ್ನು ತೆಗೆದುಹಾಕುವ ಮೊದಲು ಕಂಪನಿ ಇಂಥದ್ದೊಂದು ವಿಚಾರಣೆ ನಡೆಸಲೇಬೇಕು. ಅಧಿಕಾರಿಯಾಗಿ ಹೊರಗಿನಿಂದ ವಿಶ್ವನಾಥ್ ಎಂಬ ವಕೀಲರು ಬರುತ್ತಿದ್ದರು. ಕಂಪನಿಯ ಪರವಾಗಿ ಎಚ್.ಆರ್. ಮ್ಯಾನೇಜರ್ ಸುಧೀಂದ್ರ. ಆರೋಪ ಹೊತ್ತವರ ಪಕ್ಕದಲ್ಲಿ ಸಹೋದ್ಯೋಗಿಯೊಬ್ಬರು ಕುಳಿತು ಅವರ ಪರವಾಗಿ ಮಾತಾಡಬಹುದು. ಹಾಗೆ ಕುಳಿತವನು ಸಿದ್ದರಾಜು. ಟೂಲ್ ರೂಮಿನ ಕೆಲಸಗಾರ, ಯೂನಿಯನ್ ಕಾರ್ಯದರ್ಶಿ.

ಎಲ್ಲರ ಮಾತನ್ನೂ ಟೈಪ್ ಮಾಡುವುದಷ್ಟೇ ತನ್ಮಯಿಯ ಕೆಲಸ. ಪ್ರತಿ ದಿನದ ಕೊನೆಗೆ ಹಾಳೆಗಳನ್ನು ಪ್ರಿಂಟ್ ತೆಗೆದು ಎಲ್ಲರ ಸಹಿ ಹಾಕಿಸಬೇಕು. ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್.

ಶಿವಲಿಂಗಮ್ಮ ಹತ್ತೊಂಬತ್ತು ವರ್ಷದಿಂದ ಪ್ರೆಸ್ ವಿಭಾಗದಲ್ಲಿದ್ದವರು. ಅನುಮತಿಯಿಲ್ಲದೆ ನಾಲ್ಕನೇ ನಂಬರಿನ ಪ್ರೆಸ್ಸನ್ನು ನಲವತ್ತು ನಿಮಿಷ ನಿಲ್ಲಿಸಿದರು ಎಂಬುದು ಅವರ ಮೇಲಿನ ಆರೋಪ. ರುಜುವಾತಾದರೆ ಕೆಲಸ ಹೋಗುತ್ತದೆ.

“ಯಾಕೆ ನಿಲ್ಲಿಸಿದ್ರಿ?” ವಿಶ್ವನಾಥ್ ಕೇಳಿದರು.

“ಕೈ ಒಳಕ್ಕೆ ಓದ್ರೆ ಮಿಸನ್ನು ತಾನೇ ನಿಲ್ಬೇಕು ಸ್ವಾಮಿ. ಅದುಕ್ಕೊಂದು ಸೆನ್ಸರ್ ಐತೆ. ಅವತ್ತು ಅದ್ನ ಕೆಲ್ಸ ಮಾಡ್ದಂಗೆ ಬೈಪಾಸ್ ಮಾಡ್ಬುಟ್ಟಿದ್ರು. ಸೆನ್ಸರ್ ಆಕ್ರಪ್ಪಾ ಅಂದೆ. ಮೊದ್ಲು ಟಾರ್ಗೆಟ್ ಮುಗ್ಸಮ್ಮ ಅಂದ್ರು. ನಂಗಿರೋದು ಎಲ್ಡೇ ಕೈ... ನಿಲ್ಲಿಸ್ದೆ.”

ತನ್ಮಯಿ ಅದನ್ನು ಒಂದಕ್ಷರ ಬಿಡದೆ ಬರೆದಳು.

* * *

ವಾರಕ್ಕೆರಡು ದಿನ ವಿಚಾರಣೆ. ಎರಡನೇ ದಿನವೇ ಅವಳೊಂದು ಸಂಗತಿ ಗಮನಿಸಿದಳು.

ಸುಧೀಂದ್ರ ಸಾರ್ ತಮ್ಮ ಪಾಡಿಗೆ ಮಾತಾಡಿಕೊಂಡು ಹೋಗುತ್ತಿದ್ದರು. ವಕೀಲರೂ ಅಷ್ಟೇ. ಅವಳು ಹಿಂದೆ ಓಡಬೇಕಿತ್ತು. ಸಿದ್ದರಾಜು ಮಾತ್ರ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದ. ಕೀಬೋರ್ಡಿನ ಸದ್ದು ನಿಂತ ಮೇಲೆಯೇ ಇನ್ನೊಂದು ವಾಕ್ಯ. ಅವಳ ಕಡೆ ನೋಡುತ್ತಲೂ ಇರಲಿಲ್ಲ. ಕಿಟಕಿಯಾಚೆ ನೋಡುತ್ತ ಕಿವಿಗೊಟ್ಟು ಕಾಯುತ್ತಿದ್ದ.

‘ನನ್ನ ಕೈಗಳಿಗಾಗಿ ಯಾರಾದರೂ ಹೀಗೆ ಕಾದದ್ದುಂಟೇ?’ ಎಂದು ಆ ದಿನ ಮನೆಗೆ ಹೋಗುವಾಗ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮುಂದಿನ ಜಾಲಹಳ್ಳಿಯಲ್ಲೇ ಅವಳು ಇಳಿಯುತ್ತಿದ್ದಳು. ಮೂರನೇ ವಿಚಾರಣೆಯ ಸಂಜೆ ಅದೇ ಡಬ್ಬಿಯಲ್ಲಿ ಅವನಿದ್ದ.

“ನೀವೂ ಮೆಟ್ರೋನಾ?”

“ದಾಸರಹಳ್ಳಿಗೆ. ಮನೆ ಅಲ್ಲೇ ಚೊಕ್ಕಸಂದ್ರ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದ, “ಬೈಕ್ ಸ್ವಲ್ಪ ರಿಪೇರಿ.”

“ಓ... ನಿಮ್ಮ ಊರು ಅದೇನಾ?”

“ಅದೇ. ಈಗ ನಾವು ದಾಟ್ತಾ ಇದೀವಲ್ಲ, ಇಲ್ಲೆಲ್ಲ ನಮ್ಮ ತಾತ ರಾಗಿ ಬಿತ್ತಿದ್ರಂತೆ. ನಮ್ಮಮ್ಮ ಅನುಸೂಯಮ್ಮ ಮದುವೆಯಾಗಿ ಬಂದಾಗ ಬರೀ ಹೊಲವಂತೆ. ಈಗ ಅವರಿಗೇ ದಾರಿ ಗೊತ್ತಾಗಲ್ಲ.”

ಅವಳು ನಕ್ಕಳು. ಅಷ್ಟರಲ್ಲಿ ಜಾಲಹಳ್ಳಿ ಬಂತು. ಎರಡು ನಿಮಿಷದ ಪ್ರಯಾಣ!

ಮುಂದಿನ ದಿನವೂ ಬೈಕ್ ರಿಪೇರಿಯಾಗಿರಲಿಲ್ಲ. ಅದರ ಮರುದಿನವೂ. ಕಡೆಗೆ ಕಾರ್ಖಾನೆಯ ಗೇಟಿನಲ್ಲೇ ಪ್ರೆಸ್ ವಿಭಾಗದ ಹೆಂಗಸರು ಅವನನ್ನು ಹಿಡಿದರು.

“ಏನ್ ಸೆಕ್ರೆಟ್ರಿ, ಬೈಕ್ ಸೆಡ್ಡಲ್ಲಿ ಚೆನ್ನಾಗೇ ನಿಂತೈತೆ, ನೀನ್ಯಾಕೆ ಮೆಟ್ರೋ ಹತ್ತೀಯಾ?”

“ಪೆಟ್ರೋಲ್ ಉಳಿಸ್ತಾವ್ನೆ ಕಣ್ರೇ! ದೇಶಸೇವೆ!”

ತನ್ಮಯಿ ಹಿಂದಿರುಗಿ ನೋಡಲಿಲ್ಲ. ಆದರೆ ನಡಿಗೆ ನಿಧಾನವಾಯಿತು.

* * *

ನಾಲ್ಕನೇ ವಿಚಾರಣೆಯ ದಿನ ನಿರ್ವಹಣೆ ವಿಭಾಗದ ಮೇಲ್ವಿಚಾರಕ ಸೊಣ್ಣಪ್ಪ ಕಂಪನಿಯ ಸಾಕ್ಷಿಯಾಗಿ ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ ಸಾಧು ಮನುಷ್ಯ. ಸಿದ್ದರಾಜು ಮೆಲ್ಲಗೆ ಕೇಳಿದ:

“ಸೊಣ್ಣಪ್ಪಣ್ಣ, ಸೆನ್ಸರ್ ಬೈಪಾಸ್ ಮಾಡಿದ್ದು ಯಾರು?”

ಉತ್ತರವಿಲ್ಲ. ಅವನು ಮತ್ತೆ ಕೇಳಲಿಲ್ಲ, ಸುಮ್ಮನೆ ಕುಳಿತ. ಒಂದು ನಿಮಿಷ... ಎರಡು ನಿಮಿಷ... ಸುಧೀಂದ್ರ ಕೆಮ್ಮಿದರು. ಕೊನೆಗೆ ಸೊಣ್ಣಪ್ಪ ಮೇಜನ್ನು ನೋಡುತ್ತಲೇ ಹೇಳಿದರು:

“ನಾನೇ ಮಾಡ್ದೆ. ಮೇಲಿಂದ ಹೇಳಿದ್ರು.”

ತನ್ಮಯಿ ಟೈಪ್ ಮಾಡಿದಳು. ಶಿವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆದ್ದಂತೆಯೇ ಆಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

ಜನರೇಟರ್ ಪ್ರೆಸ್ ವಿಭಾಗಕ್ಕೆ ಮಾತ್ರ. ಪ್ರಿಂಟರ್ ಸತ್ತು ಕುಳಿತಿತ್ತು. ಅರ್ಧ ಗಂಟೆ ಕಾದರು. ತನ್ಮಯಿಗೆ ಬೆಳಗಿನಿಂದಲೂ ಜ್ವರ. ಹಣೆಯ ಮೇಲೆ ಕೈಯಿಟ್ಟು ಕುಳಿತಿದ್ದಳು.

“ಸಹಿ ಮುಂದಿನ ಸಲ ಹಾಕೋಣ್ವಾ?” ವಿಶ್ವನಾಥ್ ಕೈಗಡಿಯಾರ ನೋಡಿಕೊಂಡರು. “ಅಥವಾ ಕೈಯಲ್ಲಿ ಬರೆದು ಈಗಲೇ ಸಹಿ ಮಾಡಿಸ್ತೀರೋ? ಹೇಗೆ ಸಿದ್ದರಾಜು?”

ಬೇರೆ ಯಾವ ದಿನವಾದರೂ ಅವನು ಹಾಳೆ ಕೇಳಿ ಕೈಯಲ್ಲೇ ಬರೆಸುತ್ತಿದ್ದ. ಸಹಿಯಾಗದ ಹಾಳೆ ಬಿಟ್ಟು ಕೋಣೆಯಿಂದ ಏಳಬಾರದು ಎಂಬುದು ಯೂನಿಯನ್‌ನಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ.

ಅವನು ತನ್ಮಯಿಯ ಕಡೆ ನೋಡಿದ.

“ಮುಂದಿನ ಸಲ ಆಗ್ಲಿ ಸಾರ್,” ಎಂದ.

ಆ ಸಂಜೆ ಸುಧೀಂದ್ರ ಅವಳ ಮೇಜಿನ ಬಳಿ ಬಂದರು. “ಆ ಫೈಲ್ ನಂಗೊಂದು ಮೇಲ್ ಮಾಡಿ ತನ್ಮಯಿ. ಪ್ಯಾರಾಗ್ರಾಫ್ ಎಲ್ಲ ಸ್ವಲ್ಪ ನೀಟ್ ಮಾಡ್ಬೇಕು.”

ಅವಳು ಕಳಿಸಿದಳು. ಮ್ಯಾನೇಜರ್ ಕೇಳಿದರೆ ಕಳಿಸದೆ ಇರುವುದು ಹೇಗೆ?

* * *

ಐದನೇ ವಿಚಾರಣೆ. ಸುಧೀಂದ್ರ ತಾವೇ ಪ್ರಿಂಟ್ ತೆಗೆಸಿ ತಂದಿದ್ದರು. ಸಹಿ ಹಾಕಲು ಸೊಣ್ಣಪ್ಪನೂ ಬಂದಿದ್ದರು. ಸಿದ್ದರಾಜು ಪುಟ ತಿರುವುತ್ತ ಒಂದು ಸಾಲಿನಲ್ಲಿ ನಿಂತ.

“‘ಸೆನ್ಸರ್ ಬೈಪಾಸ್ ಆಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.’ ಇದೇನ್ ಸಾರ್ ಇದು?”

ತನ್ಮಯಿ ಬಗ್ಗಿ ಹಾಳೆ ನೋಡಿದಳು. ಅವಳು ಟೈಪ್ ಮಾಡಿದ್ದು ಅದಲ್ಲ.

“ಸಾಕ್ಷಿ ಹೇಳಿದ್ದೇ ಅದು,” ಎಂದರು ಸುಧೀಂದ್ರ.

“ಸೊಣ್ಣಪ್ಪಣ್ಣ?”

ಸೊಣ್ಣಪ್ಪ ತಲೆಯೆತ್ತಲಿಲ್ಲ. ವಿಶ್ವನಾಥ್ ಕನ್ನಡಕ ತೆಗೆದು ಒರೆಸುತ್ತ, ತಮಗೂ ಸರಿಯಾಗಿ ನೆನಪಿಲ್ಲ, ಹಾಳೆಯಲ್ಲಿ ಇರುವುದನ್ನೇ ನೋಡಬೇಕಾಗುತ್ತದೆ ಎಂದರು.

ಆಗ ಸಿದ್ದರಾಜು ಅವಳ ಕಡೆ ತಿರುಗಿದ. ಕೋಪವಿರಲಿಲ್ಲ. ಇನ್ನೂ ನಂಬಿಕೆಯೇ ಇತ್ತು. ಅದೇ ಅವಳನ್ನು ಕೊಂದಿತು.

“ಮೇಡಂ, ನೀವೇ ಟೈಪ್ ಮಾಡಿದ್ದು. ಅವತ್ತು ಇವ್ರು ಏನಂದ್ರು? ನೀವು ಹೇಳಿ.”

ಸುಧೀಂದ್ರ ಅವಳನ್ನು ನೋಡಿದರು. ಬೆಳಿಗ್ಗೆ ತಾನೇ ಹೇಳಿದ್ದರು: “ನಿಮ್ಮ ಕನ್ಫರ್ಮೇಷನ್ ಲೆಟರ್ ನನ್ನ ಟೇಬಲ್ ಮೇಲಿದೆ. ಈ ತಿಂಗಳು ಮಾಡಿಬಿಡೋಣ.”

‘ಹೇಳು... ಒಂದೇ ಒಂದು ವಾಕ್ಯ... ಹೇಳು!’

ಬಾಯಿ ಬರಲಿಲ್ಲ. ಅವಳ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ಆ ಕೋಣೆಯಲ್ಲಿ ಒಬ್ಬಂಟಿಯಾಗಿ ಕುಳಿತವಳು ತಾನೊಬ್ಬಳೇ ಎಂದು ಅವಳಿಗೆ ಮೊದಲ ಬಾರಿ ಕಂಡಿತು. ಆರೋಪ ಹೊತ್ತ ಶಿವಲಿಂಗಮ್ಮನ ಪಕ್ಕದಲ್ಲೂ ಒಬ್ಬನಿದ್ದ.

“ಸರಿ,” ಎಂದ ಸಿದ್ದರಾಜು. ಆಕ್ಷೇಪವಿದೆ ಎಂದು ಬರೆದು ಸಹಿ ಹಾಕಿದ. ಪೆನ್ನಿನ ಕ್ಯಾಪ್ ಹಾಕಿದ. ಎದ್ದು ಹೋದ.

ಆ ಸಂಜೆ ಅವನು ಬೈಕಿನಲ್ಲಿ ಹೊರಟ.

* * *

ಮನೆಯಲ್ಲಿ ಅಪ್ಪ ರಾಮಪ್ರಸಾದ ನೆನೆಸಿದ ಅವರೆಕಾಳು ಹಿತುಕುತ್ತ ಕುಳಿತಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದು ನಿವೃತ್ತರಾದವರು. ಈ ಮನೆಯ ಸೈಟು ಕಾರ್ಮಿಕರ ಸೊಸೈಟಿಯಿಂದ ಬಂದದ್ದು. ಅಮ್ಮ ಸುಬ್ಬಲಕ್ಷ್ಮಿಯ ಆಪರೇಷನ್ ಕಾರ್ಖಾನೆಯ ಆಸ್ಪತ್ರೆಯಲ್ಲಿ ಆದದ್ದು. ಆದರೂ ಯೂನಿಯನ್ ವಿಷಯ ಬಂದರೆ ಅಪ್ಪ ಮಾತು ಬದಲಿಸುತ್ತಿದ್ದರು. ಯಾಕೆಂದು ಅವಳು ಎಂದೂ ಕೇಳಿರಲಿಲ್ಲ.

ಅವಳು ಎದುರಿಗೆ ಕುಳಿತು ನಡೆದುದನ್ನೆಲ್ಲ ಹೇಳಿದಳು. ಸಿದ್ದರಾಜುವಿನ ವಿಷಯ ಅರ್ಧ ಮಾತ್ರ ಹೇಳಿದಳು. ಅಪ್ಪನಿಗೆ ಪೂರ್ತಿ ತಿಳಿಯಿತು.

ಅವರು ಬಹಳ ಹೊತ್ತು ಕಾಳು ಹಿತುಕಿದರು.

“ನಾನು ಸೇರಿದ ಹೊಸದರಲ್ಲಿ ದೊಡ್ಡ ಮುಷ್ಕರ ಆಯ್ತು. ಎರಡು ತಿಂಗಳ ಮೇಲೆ ನಡೀತು. ಐವತ್ತನೇ ದಿನವೋ ಏನೋ, ಪರದೆ ಹಾಕಿದ ಬಸ್ಸಲ್ಲಿ ಕದ್ದು ಒಳಗೆ ಕೆಲಸಕ್ಕೆ ಹೋದೆ.”

“ನೀವಾ?!”

“ನಾನೇ. ಭಯ ಆಗಿತ್ತು. ಆಮೇಲೆ ಒಪ್ಪಂದ ಆಯ್ತು, ಸಂಬಳ ಹೆಚ್ಚಾಯ್ತು. ಹೊರಗೆ ಬಿಸಿಲಲ್ಲಿ ನಿಂತವರಿಗೆ ಬಂದಷ್ಟೇ ನನಗೂ ಬಂತು. ಬೇಡ ಅನ್ನಲಿಲ್ಲ ನಾನು.”

“ಅವರೆಲ್ಲ ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತು. ಕ್ಯಾಂಟೀನಲ್ಲಿ ನಾನು ಕೂತ ಟೇಬಲ್ಲಿಗೆ ಯಾರೂ ಬರ್ತಿರಲಿಲ್ಲ. ಎಂಟು ಜನ ಕೂರೋ ಟೇಬಲ್ಲು. ಮೂರು ತಿಂಗಳು ಒಬ್ಬನೇ ಉಂಡೆ.” ಅಪ್ಪ ಸಿಪ್ಪೆಗಳನ್ನು ಒಂದು ಕಡೆ ಒಟ್ಟಿದರು. “ಒಂದು ದಿನ ಅವರ ಪೈಕಿ ಒಬ್ಬ ತಟ್ಟೆ ಹಿಡ್ಕೊಂಡು ಬಂದು ಎದುರಿಗೆ ಕೂತ. ‘ಸಾಂಬಾರ್ ಸಪ್ಪೆ ಇದೆ ಅಲ್ವಾ?’ ಅಂದ. ಅಷ್ಟೇ. ಅವತ್ತೇ ಸಂಜೆ ಹೋಗಿ ಸದಸ್ಯ ಆದೆ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ.”

“ಈಗ ನಾನೇನು ಮಾಡ್ಲಿ ಅಪ್ಪ?”

“ನಾನು ಹೇಳಲ್ಲಮ್ಮ. ಕೆಲಸ ಹೋದ್ರೆ ಕಷ್ಟ. ಅದು ಸುಳ್ಳಲ್ಲ. ಇನ್ನೊಂದು ಕಷ್ಟಾನೂ ಸುಳ್ಳಲ್ಲ. ನಾನು ಅದನ್ನ ನಲವತ್ತು ವರ್ಷ ಇಟ್ಕೊಂಡಿದೀನಿ.”

* * *

ಟಿ. ದಾಸರಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ಯೂನಿಯನ್ ಕಚೇರಿ. ಭಾನುವಾರ ಹನ್ನೊಂದಕ್ಕೆ ತನ್ಮಯಿ ಮೆಟ್ಟಿಲು ಹತ್ತಿದಳು. ಕೆಳಗೆ ಗಿರಣಿ ಓಡುತ್ತಿತ್ತು. ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಸಿದ್ದರಾಜು ಯಾವುದೋ ಅರ್ಜಿ ಬರೆಯುತ್ತಿದ್ದ. ಚಾಪೆಯ ಮೇಲೆ ಕುಳಿತ ಶಿವಲಿಂಗಮ್ಮ ಎಲೆಯಡಿಕೆ ಹಾಕುತ್ತಿದ್ದರು.

ಅವನು ಅವಳನ್ನು ನೋಡಿ ಎದ್ದು ನಿಂತ. ಮುಖ ಗಟ್ಟಿಯಾಯಿತು.

“ಏನ್ ಮೇಡಂ? ಸುಧೀಂದ್ರ ಸಾರ್ ಕಳಿಸಿದ್ರಾ?”

ಅವಳಿಗೆ ಕಣ್ಣು ತುಂಬಿತು. ಆದರೂ ನಿಂತೇ ಹೇಳಿದಳು.

“ನಾನು ಬದಲಾಯಿಸಲಿಲ್ಲ. ಸೊಣ್ಣಪ್ಪನವರು ಹೇಳಿದ್ದನ್ನೇ ಟೈಪ್ ಮಾಡಿದ್ದೆ. ಸುಧೀಂದ್ರ ಸಾರ್ ಕೇಳಿದ್ರು ಅಂತ ಮೇಲ್ ಮಾಡಿದೆ. ಆ ಮೇಲ್ ಇನ್ನೂ ಇದೆ. ಅದರಲ್ಲಿ ಮೊದಲಿನ ಉತ್ತರಾನೇ ಇದೆ. ಆವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಈಗ ಹೇಳ್ತೀನಿ. ನನ್ನನ್ನ ನಿಮ್ಮ ಕಡೆ ಸಾಕ್ಷಿ ಅಂತ ಕರೀರಿ.”

ಸಿದ್ದರಾಜು ಕುರ್ಚಿಗೆ ಕುಸಿದ. ಅವನ ಮುಖದಲ್ಲಿದ್ದ ಗಟ್ಟಿತನ ಒಂದೇ ಸಲಕ್ಕೆ ಹೋಯಿತು. ಆದರೆ ಬಾಯಿಂದ ಬಂದ ಮಾತು ಬೇರೆ.

“ಆಗಲ್ಲ.”

“ಯಾಕೆ?”

“ಪ್ರೊಬೇಷನ್ ನಿಮ್ದು. ಸಾಕ್ಷಿ ಹೇಳಿದ ವಾರಕ್ಕೆ ಮನೆಗೆ ಕಳಿಸ್ತಾರೆ. ಶಿವಲಿಂಗಮ್ಮಂಗಾದ್ರೆ ಎನ್‌ಕ್ವೈರಿ ಅಂತ ಒಂದಿದೆ, ನಾವಿದೀವಿ. ನಿಮಗೆ ಅದೂ ಇಲ್ಲ. ನಮ್ಮ ಬೈಲಾದಲ್ಲಿ ಕಾಯಂ ನೌಕರರಷ್ಟೇ ಸದಸ್ಯರು. ನಿಮ್ಮ ಪರ ನಾನು ಬಾಯಿ ಬಿಡಕ್ಕೂ ಆಗಲ್ಲ.”

“ಗೊತ್ತಿದ್ದೇ ಬಂದಿದೀನಿ.”

“ಬೇಡ ಕಣ್ ತಾಯಿ,” ಶಿವಲಿಂಗಮ್ಮ ಅಡ್ಡ ಬಾಯಿ ಹಾಕಿದರು. “ನನ್ನ ಕೆಲ್ಸ ಉಳಿಸಾಕೆ ನಿನ್ನ ಕೆಲ್ಸ ತೆಗ್ಯಾದಾ? ನಂಗೆ ಅನ್ನ ಇಳಿಯಾಕಿಲ್ಲ.”

“ಅಮ್ಮಾ, ನಾಳೆ ಆ ಪ್ರೆಸ್ಸಲ್ಲಿ ಯಾರದ್ದಾದ್ರೂ ಕೈ ಹೋದ್ರೆ? ಆಗ ನನಗೆ ಇಳಿಯುತ್ತಾ?”

ಶಿವಲಿಂಗಮ್ಮ ಅವಳನ್ನೇ ನೋಡಿದರು. ಆಮೇಲೆ ಸಿದ್ದರಾಜುವಿನ ಕಡೆ ತಿರುಗಿದರು.

“ಬರ್ಕಳಪ್ಪ ಎಸ್ರ. ಇವ್ಳು ನಿನ್ ಮಾತ್ ಕೇಳೋ ಪೈಕಿ ಅಲ್ಲ.”

* * *

ಆರನೇ ವಿಚಾರಣೆಯಲ್ಲಿ ತನ್ಮಯಿ ಸಾಕ್ಷಿಯ ಕುರ್ಚಿಯಲ್ಲಿ ಕುಳಿತಳು. ಸುಧೀಂದ್ರ ಜೋರಾಗಿ ಆಕ್ಷೇಪಿಸಿದರು. ವಿಶ್ವನಾಥ್ ಅದನ್ನು ತಳ್ಳಿಹಾಕಿ, ಬರೆಯಲು ಯಾರೂ ಇಲ್ಲದ್ದರಿಂದ ತಾವೇ ಪೆನ್ನು ತೆಗೆದುಕೊಂಡರು.

ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮೇಲ್ ತೋರಿಸಿದಳು. ಧ್ವನಿ ನಡುಗಲಿಲ್ಲ.

ಸೊಣ್ಣಪ್ಪನನ್ನು ಮತ್ತೆ ಕರೆಸಿದರು. ಅವರು ಬಾಗಿಲಲ್ಲೇ ನಿಂತು, “ಆ ಹುಡುಗಿ ಹೇಳೋದು ನಿಜ ಸಾರ್,” ಎಂದುಬಿಟ್ಟರು.

ಶಿವಲಿಂಗಮ್ಮನ ಮೇಲಿನ ಆರೋಪ ರುಜುವಾತಾಗಲಿಲ್ಲ. ಅವರು ಕೆಲಸಕ್ಕೆ ಮರಳಿದರು. ನಾಲ್ಕನೇ ಪ್ರೆಸ್ಸಿನ ಸೆನ್ಸರ್ ಸರಿಹೋಯಿತು. ಸುಧೀಂದ್ರ ಬೇರೆ ಘಟಕಕ್ಕೆ ವರ್ಗವಾದರು. ಅದಕ್ಕೂ ಮೊದಲು ಒಂದು ಪತ್ರಕ್ಕೆ ಸಹಿ ಹಾಕಿದ್ದರು. ಪ್ರೊಬೇಷನ್ ಅವಧಿಯಲ್ಲಿ ತನ್ಮಯಿಯ ಕೆಲಸ ತೃಪ್ತಿಕರವಾಗಿರಲಿಲ್ಲ ಎಂದು ಅದರಲ್ಲಿತ್ತು.

ಸಿದ್ದರಾಜು ಅವಳಿಗಾಗಿ ಎರಡು ಸಲ ಆಡಳಿತದವರ ಬಳಿ ಹೋದ. “ಅವರು ನಿಮ್ಮ ಸದಸ್ಯರಾ?” ಎಂದು ಕೇಳಿದರು. ಅವನು ಬರಿಗೈಲಿ ಹಿಂದಿರುಗಿದ.

ಕಾರ್ಖಾನೆಯಲ್ಲಿ ತನ್ನ ಕೊನೆಯ ದಿನ ಅವಳು ಗೇಟಿನಲ್ಲಿ ಹತ್ತು ನಿಮಿಷ ನಿಂತಳು. ಅವನು ಬರಲಿಲ್ಲ.

ಆಮೇಲೆ ಫೋನೂ ಬರಲಿಲ್ಲ.

ಒಂದು ವಾರ... ಒಂದು ತಿಂಗಳು... ಎರಡು ತಿಂಗಳು...

ಅವಳಿಗೆ ನೆಲಮಂಗಲ ರಸ್ತೆಯ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೆಲಸ ಹಗುರವಾಗಿತ್ತು, ಸಂಬಳ ಕಡಿಮೆಯಿತ್ತು. ಸಾಕ್ಷಿ ಹೇಳಿದ್ದಕ್ಕೆ ಅವಳು ಒಂದು ದಿನವೂ ಪಶ್ಚಾತ್ತಾಪಪಡಲಿಲ್ಲ. ಆದರೆ ಆ ಮೌನವನ್ನು ಏನೆಂದು ಓದಿಕೊಳ್ಳುವುದೆಂದು ತಿಳಿಯಲಿಲ್ಲ. ‘ನಾನು ಅವನಿಗೊಂದು ಸಾಕ್ಷಿ ಮಾತ್ರವಾಗಿದ್ದೆನೇ? ಕೇಸು ಮುಗಿಯಿತು, ನಾನೂ ಮುಗಿದೆ... ಅಷ್ಟೇನಾ?’

ಮಾರ್ಚ್ ಕೊನೆಯಲ್ಲಿ ಶಿವಲಿಂಗಮ್ಮ ಫೋನ್ ಮಾಡಿದರು.

“ಸುಕ್ರವಾರ ಎಲ್ಡೂವರೆಗೆ ಗೇಟ್ ತಾವ ಬಾರವ್ವ.”

“ಯಾಕಮ್ಮ?”

“ಕರೆದ್ರೆ ಬರ್ಬೇಕು. ಯಾಕೆ ಅನ್ಬಾರ್ದು.”

* * *

ಎರಡೂವರೆಗೆ ಪಾಳಿ ಬದಲಾಗುವ ಹೊತ್ತು. ಒಳಗಿನಿಂದ ಹೊರಡುವವರು, ಹೊರಗಿನಿಂದ ಬರುವವರು ಎಲ್ಲರೂ ಗೇಟಿನ ಮುಂದೆ ನಿಂತಿದ್ದರು. ಸಿದ್ದರಾಜು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಕಾಗದ ಓದುತ್ತಿದ್ದ. ಮೈಕ್ ಇರಲಿಲ್ಲ. ತನ್ಮಯಿ ಹಿಂದೆ, ಟೀ ಗಾಡಿಯ ಪಕ್ಕ ನಿಂತಳು.

“...ನಿನ್ನೆ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದುಪಡಿ ಪಾಸಾಗಿದೆ. ಇನ್ಮೇಲೆ ಗುತ್ತಿಗೆಯವರು, ಪ್ರೊಬೇಷನ್‌ನವರು, ಆಫೀಸ್ ಟೈಪಿಸ್ಟು, ಕ್ಲರ್ಕು ಎಲ್ಲರೂ ಸದಸ್ಯರಾಗಬಹುದು. ಇದಕ್ಕೆ ನಮ್ಮಲ್ಲೇ ವಿರೋಧ ಇತ್ತು. ನಮ್ಮ ಪಾಲು ಕಡಿಮೆಯಾಗುತ್ತೆ ಅಂದ್ರು. ಎರಡು ತಿಂಗಳು ಮನೆ ಮನೆಗೆ ಹೋಗಿ ಮಾತಾಡಿದೀವಿ. ಎಲ್ರನ್ನೂ ಕೇಳಿದ್ದು ಒಂದೇ ಮಾತು. ನಮ್ಮಲ್ಲೊಬ್ಬರ ಕೆಲಸ ಉಳಿಸಿದವರ ಕೆಲಸ ಹೋದಾಗ ನಾವು ಏನ್ ಮಾಡ್ದೊ? ಏನೂ ಮಾಡಕ್ಕಾಗ್ಲಿಲ್ಲ. ಯಾಕೆ ಅಂದ್ರೆ ಅವರು...”

ಅವನ ಕಣ್ಣು ಟೀ ಗಾಡಿಯ ಕಡೆ ಬಿತ್ತು.

“ಅವರು...”

ಮಾತು ಅಲ್ಲಿಗೇ ನಿಂತಿತು. ಕಾಗದ ನೋಡಿದ. ಮತ್ತೆ ಅವಳನ್ನು ನೋಡಿದ. ಇನ್ನೂರು ಜನ ಹಿಂದೆ ತಿರುಗಿದರು.

“ಸೆಕ್ರೆಟ್ರಿ ಬ್ಯಾಟ್ರಿ ಡೌನ್!” ಯಾರೋ ಕೂಗಿದರು.

“ಮಿಸನ್ನು ತಾನೇ ನಿಂತ್ಕಂತು ಕಣ್ರೋ! ಸೆನ್ಸರ್ ಚೆನ್ನಾಗ್ ಕೆಲ್ಸ ಮಾಡ್ತಾ ಐತೆ!” ಎಂದರು ಶಿವಲಿಂಗಮ್ಮ. ಗೇಟಿನ ಮುಂದೆ ನಗೆ ಎದ್ದಿತು. ವಾಚ್‌ಮನ್ ಕೂಡ ನಕ್ಕ.

ಜನರ ನಡುವಿನಿಂದ ಕೊರಳಿಗೆ ಐಡಿ ಕಾರ್ಡ್ ಹಾಕಿದ ಹುಡುಗಿಯೊಬ್ಬಳು ಬಂದಳು.

“ಅಕ್ಕ, ನಾನು ಬಿಂದುಶ್ರೀ. ನಿಮ್ಮ ಸೀಟಲ್ಲಿ ಈಗ ನಾನಿದೀನಿ. ಹೊಸ ಬೈಲಾದಲ್ಲಿ ಮೊದಲನೇ ಸದಸ್ಯೆ ನಾನೇ.” ಅವಳು ರಸೀದಿ ತೋರಿಸಿದಳು. “ಮನೇಲಿ ಭಯ ಬಿದ್ರು. ನಂಗೂ ಭಯ ಆಯ್ತು. ಆದ್ರೂ ಸೇರಿದೆ.”

ತನ್ಮಯಿ ಅವಳ ಕೈ ಹಿಡಿದುಕೊಂಡಳು.

ಪಾಳಿಯ ಸೈರನ್ ಕೂಗಿತು. ಜನ ಕರಗಿದರು. ಸಿದ್ದರಾಜು ಸ್ಟೂಲು ಹಿಡಿದುಕೊಂಡೇ ಬಂದು ನಿಂತ. ಅದನ್ನು ಎಲ್ಲಿಡುವುದೆಂದು ಅವನಿಗೆ ಹೊಳೆಯುತ್ತಿರಲಿಲ್ಲ.

“ಎರಡು ತಿಂಗಳು,” ಎಂದಳು ತನ್ಮಯಿ. “ಒಂದು ಫೋನ್ ಇಲ್ಲ.”

“ಏನ್ ಮುಖ ಇಟ್ಕೊಂಡು ಮಾಡ್ಲಿ? ಗೇಟ್ ತನಕ ಬಂದಿದ್ದೆ ನಿಮ್ಮ ಕೊನೇ ದಿನ. ನೀವು ನಿಂತಿದ್ರಿ. ಸೆಕ್ಯೂರಿಟಿ ರೂಮಿನ ಹಿಂದೆ ನಾನೂ ಹತ್ತು ನಿಮಿಷ ನಿಂತಿದ್ದೆ.”

“ಅಯ್ಯೋ... ಬರಬಾರದಿತ್ತಾ?”

“ಬಂದು ಏನ್ ಹೇಳ್ಲಿ? ಸಹಿ ಹಾಕಿಸ್ಕೊಳ್ದೆ ಎದ್ದು ಬಂದೋನು ನಾನು. ಕೆಲ್ಸ ಕಳ್ಕೊಂಡೋರು ನೀವು. ಬರಿಗೈಲಿ ಬಂದು ಸಾರಿ ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಇದು ಪಾಸಾದ್ಮೇಲೆ ಬರೋಣ ಅಂತಿದ್ದೆ.” ಅವನು ಕೈಯಲ್ಲಿದ್ದ ಕಾಗದ ನೋಡಿದ. “ಇದರಿಂದ ನಿಮಗೇನೂ ಉಪಯೋಗ ಇಲ್ಲ ಅಂತಾನೂ ಗೊತ್ತು.”

“ಬಿಂದುಶ್ರೀಗಿದೆ.”

“ಹೂಂ. ಅವಳಿಗಿದೆ.”

ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು.

“ಒಂದು ಕೇಳ್ತೀನಿ,” ಎಂದಳು. “ಅವತ್ತು ಯಾಕೆ ಬರೆಸ್ಕೊಳ್ಳಲಿಲ್ಲ? ನೀವು ಅಂಥ ತಪ್ಪು ಮಾಡೋರಲ್ಲ.”

“ನಿಮಗೆ ಜ್ವರ ಇತ್ತು.”

“ಅಷ್ಟೇನಾ?”

“ಅಷ್ಟೇ. ಎಂಟು ವರ್ಷದಲ್ಲಿ ಒಂದು ಹಾಳೆ ಹಾಗೆ ಬಿಟ್ಟಿರಲಿಲ್ಲ ನಾನು. ಅವತ್ತು ನಿಮ್ಮ ಮುಖ ನೋಡಿದೆ, ಶಿವಲಿಂಗಮ್ಮನ ಕೆಲಸಾನೇ ಮರೆತುಬಿಟ್ಟೆ. ರಾತ್ರಿ ಮನೆಗೆ ಹೋದ್ಮೇಲೆ ಹೆದರಿಕೆ ಆಯ್ತು. ಹಾಳೆಗಲ್ಲ.” ಅವನು ಸ್ಟೂಲನ್ನು ಕೊನೆಗೂ ನೆಲಕ್ಕಿಟ್ಟ. “ನಂಗೆ ನೀವು ಬೇಕು ಅಂತ ಗೊತ್ತಾಗಿ.”

ತನ್ಮಯಿಯ ಕಣ್ಣಿಂದ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ.

“ನಂಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು,” ಎಂದಳು. “ಹೆದರಿಕೆ ಮಾತ್ರ ನಿಮ್ಮಷ್ಟೇ ಇತ್ತು.”

ಅವನು ತನ್ನ ಕರವಸ್ತ್ರ ತೆಗೆದ. ಅದರ ತುಂಬ ಎಣ್ಣೆ ಕಲೆ. ಮತ್ತೆ ಜೇಬಿಗಿಟ್ಟುಕೊಂಡ. ಅವಳು ಅಳುತ್ತಲೇ ನಕ್ಕಳು.

“ಊಟ ಆಯ್ತಾ?”

“ಇಲ್ಲ. ಬೆಳಗಿಂದ ಏನೂ ಇಳೀಲಿಲ್ಲ. ಭಾಷಣ ಇದ್ರೆ ಹಾಗೇ ನಂಗೆ.”

“ನಡೀರಿ ಹಾಗಾದ್ರೆ. ಎಲ್ಲಿ ಉಣ್ತೀರಾ ನೀವು?”

“ಇಲ್ಲೇ ಮೂಲೆಯಲ್ಲಿ ಭಾಗ್ಯಮ್ಮನ ಹೋಟ್ಲು.” ಅವನು ಅನುಮಾನಿಸಿದ. “ಈ ಹೊತ್ತಿಗೆ ಅಲ್ಲಿ ಮುದ್ದೆ ಒಂದೇ ಇರುತ್ತೆ. ನಿಮ್ಮನೇಲಿ ಮಾಡಲ್ಲ ಅನ್ಸುತ್ತೆ.”

“ಮಾಡಲ್ಲ. ನಂಗೆ ನುಂಗಕ್ಕೂ ಬರಲ್ಲ.”

“ಅಗೀಬಾರ್ದು. ಸಾರಲ್ಲಿ ಅದ್ದಿ ಹಾಗೇ ನುಂಗ್ಬಿಡ್ಬೇಕು. ಕಲಿಸ್ತೀನಿ ಬನ್ನಿ.”

“ಒಂದೇ ದಿನಕ್ಕೆ ಬರುತ್ತಾ?”

“ದಿನಾ ತಿಂದ್ರೆ ಬರುತ್ತೆ. ಆತುರ ಏನಿಲ್ಲ.”

“ನಿಮಗಿಲ್ಲ,” ಎಂದಳು ತನ್ಮಯಿ, ಅವನ ಕಪ್ಪು ಹಿಡಿದ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತ. “ನಂಗಿದೆ.”